ಅರಸನ ಜೇನುನೀರು

ಹೊನ್ನಗುಡ್ಡದಲ್ಲಿ ಡಂಗುರ ಹೊಡೆದರು. ರಾಜಕುಮಾರಿ ಚಂಪಕಮಾಲೆಯ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವನ ಮುಂದಿನ ಹಲ್ಲು ಅರಮನೆಗೆ ಸೇರುತ್ತದೆ! ತಲೆ ಹೋದರೆ ಒಂದೇ ಸಲದ ನೋವು, ಹಲ್ಲು ಹೋದರೆ ಊಟ ಊಟಕ್ಕೂ ನೋವು ಎಂದು ಊರವರು ಬೆಚ್ಚಿದರು.

ರಾಜಕುಮಾರಿಯ ಸಂಕಟ ಬೇರೆಯೇ ಇತ್ತು. ಅರಸ ಬಾಯಿ ತೆರೆದರೆ ನಾತಕ್ಕೆ ಅರ್ಧ ಸಭೆಗೆ ಕೆಮ್ಮು ಬರುತ್ತಿತ್ತು. ಜೀವದಂಥ ಅಪ್ಪನ ಪಕ್ಕ ಕೂರಲಾಗದೆ ಅವಳು ಅಳುತ್ತಿದ್ದಳು. ಅರಸನಿಗೆ ಇದನ್ನು ಹೇಳುವ ಗಂಡೆದೆ ಯಾರಿಗಿದೆ? ಅದಕ್ಕೇ ಒಗಟು.

"ಬಿಳಿ ಗೋಡೆಯ ಮನೆ, ಒಳಗೆ ಕೆಂಪು ಹಾಸು. ಕಣ್ಣಿಗೆ ಕಾಣದವರು ಬಿಟ್ಟಿ ವಾಸವಿದ್ದಾರೆ. ಯಾರವರು?"

ಮೊದಲು ಬಂದ ರಾಜಕುಮಾರ ದೆವ್ವಗಳೆಂದ. ಎರಡನೆಯವನು, ಆಸ್ಥಾನಕವಿ, ಪೂರ್ವಜರ ನೆನಪುಗಳೆಂದ. ಹಿಂತಿರುಗುವಾಗ ಅವನ ಪದ್ಯಗಳೆಲ್ಲ ಶಿಳ್ಳೆಯಾಗಿದ್ದವು.

ಆಮೇಲೆ ಬಂದವನು ಮಠದ ಪಾಠಶಾಲೆಯಲ್ಲಿ ಗಂಜಿ ಕುಡಿದು ಓದುವ ತಿಪ್ಪೇಶ. ಬಾಯೊಳಗಿನ ಸಣ್ಣ ಸಣ್ಣ ಹುಳುಗಳು ಎಂದ. ರಾಜಕುಮಾರಿ ನೆಟ್ಟಗೆ ಕೂತಳು.

"ಆ ಕಾಣದವರನ್ನು ತೋರಿಸುವ ಕನ್ನಡಿ ಯಾವುದು?"

"ಗಂಜಿ, ತಾಯಿ."

ಸಭೆ ನಕ್ಕಿತು. ತಿಪ್ಪೇಶ ವಿವರಿಸಿದ. ಎಂಜಲು ಮಾಡಿದ ಗಂಜಿ ಬೇಗ ಹಳಸುತ್ತದೆಂದು ಮಠದ ಅಡುಗೆಯಜ್ಜಿ ಬೈಯುತ್ತಿದ್ದಳಂತೆ. ನಿಜವೇ ನೋಡೋಣವೆಂದು ಹುಡುಗರು ಗಂಜಿ ಕುದಿಸಿ, ಒಂದು ಕುಡಿಕೆಗೆ ಉಗುಳಿ, ಒಂದನ್ನು ಮುಟ್ಟದೆ ಮುಚ್ಚಿಟ್ಟರಂತೆ. ಉಗುಳಿದ್ದೇ ಮೊದಲು ನಾರಿತಂತೆ.

"ಶತ್ರುವನ್ನು ಕೊಲ್ಲಲು ಹೋಗಿ, ಅವನಿಗೇ ಔತಣ ಬಡಿಸಿ ಬರುವ ದಂಡನಾಯಕ ಯಾರು?"

ತಿಪ್ಪೇಶನ ಕಣ್ಣು ಅರಸನ ಪಕ್ಕದ ಬೆಳ್ಳಿ ಗಿಂಡಿಯ ಮೇಲೆ ಬಿತ್ತು. ಉಪ್ಪುನೀರಿಗೆ ಅರಸ ಮುಖ ಸಿಂಡರಿಸುತ್ತಾನೆಂದು ರಾಜವೈದ್ಯ ಬಾಯಿ ಮುಕ್ಕಳಿಸುವ ನೀರಿಗೆ ಜೇನು ಸುರಿದು ಕೊಡುತ್ತಿದ್ದ. ಉತ್ತರ ಹೇಳಿದರೆ ಅರಸನಿಗೆ ಅವಮಾನ, ಹೇಳದಿದ್ದರೆ ಹಲ್ಲು ಹೋಗುತ್ತದೆ. ತಿಪ್ಪೇಶ ಕೈಮುಗಿದು ಮೂರು ಕುಡಿಕೆ ಗಂಜಿ ಬೇಡಿದ. ಅರಸ ಜೇನುನೀರು ಮುಕ್ಕಳಿಸಿ ಒಂದಕ್ಕೆ ಉಗುಳಿದ, ಮರುದಿನ ಅದೇ ಹೊತ್ತಿಗೆ ಉಪ್ಪು ಲವಂಗದ ನೀರು ಮುಕ್ಕಳಿಸಿ, ಹೊಸದಾಗಿ ಕುದಿಸಿದ ಇನ್ನೊಂದಕ್ಕೆ ಉಗುಳಿದ. ಮೂರನೆಯದನ್ನು ಯಾರೂ ಮುಟ್ಟಲಿಲ್ಲ.

ಮೂರಕ್ಕೂ ಸಮ ದಿನ ಕೊಟ್ಟು ಮುಚ್ಚಳ ತೆಗೆದರು. ಮುಟ್ಟದ್ದು ಚೆನ್ನಾಗಿತ್ತು, ಉಪ್ಪಿನದು ತುಸು ಹುಳಿಯಾಗಿತ್ತು. ಜೇನಿನದು ನೊರೆಯೆದ್ದು ನಾರುತ್ತಿತ್ತು. ಅರಸ ಮೂಸಿ ಹಿಂದೆ ಸರಿದ.

"ಇದು ನನ್ನ ಬಾಯಿಯೇ?"

"ಹೌದು, ಅಪ್ಪಾಜಿ," ಎಂದಳು ಮಗಳು. "ಆ ದಂಡನಾಯಕ ಈ ಜೇನುನೀರೇ. ಹುಳುಗಳಿಗೆ ನೀವೇ ದಿನಾ ಸಿಹಿಯೂಟ ಹಾಕುತ್ತಿದ್ದೀರಿ."

ಅರಸ ಹೊಟ್ಟೆ ಹಿಡಿದು ನಕ್ಕ. ಏನು ಬೇಕೆಂದರೆ ತಿಪ್ಪೇಶ ಮಠದ ಗಂಜಿಗೆ ದಿನವೂ ಗಟ್ಟಿ ಮೊಸರು ಕೇಳಿದ.

"ಮೊಸರಿನ ಬದಲು ನನ್ನನ್ನೇ ಕೇಳಲು ನಾಚಿಕೆಯೇ?" ಎಂದಳು ರಾಜಕುಮಾರಿ. ತಿಪ್ಪೇಶ ಕಿವಿಯವರೆಗೆ ಕೆಂಪಾದ.

ಮದುವೆಯ ದಿನ ಅರಸ ಬಾಗಿ ಮಗಳ ಕಿವಿಯಲ್ಲಿ ಹರಸಿದ. ಚಂಪಕಮಾಲೆ ಮೂಗಿಗೆ ಸೆರಗು ಒತ್ತಲಿಲ್ಲ. ಅಪ್ಪನ ಕೊರಳಿಗೆ ಕೈಹಾಕಿ, ಇನ್ನೊಮ್ಮೆ ಹೇಳಿ ಎಂದಳು.