ಓಬಳೇಶಿ ಲಾರಿ ಪೈಪು ನೋಡಿದ್ದು

ಹೆದ್ದಾರಿ ಪಕ್ಕದ ಒಂದೂರಲ್ಲಿ ಮಾರಕ್ಕ ಅಂತ ಒಬ್ಬ ತಾಯಿ, ಅವಳಿಗೆ ಓಬಳೇಶಿ ಅಂತ ಒಬ್ಬನೇ ಮಗ. ಮಗನಿಗೆ ಮೂವತ್ತು ತುಂಬಿತ್ತು. ಮೈ ಬಗ್ಗಿಸಿ ದುಡಿಯೋನು, ಸುಳ್ಳು ಹೇಳೋನಲ್ಲ, ಯಾರ ತಂಟೆಗೂ ಹೋಗೋನಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ತಾಪತ್ರಯ ಇದ್ದದ್ದೇ ಅಲ್ಲಿ. ಬಾಗಿಲ ಕಡೆ ಕಣ್ಣಿಟ್ಟಿರು ಅಂದರೆ ಬಾಗಿಲ ಕಡೆಯೇ ಕಣ್ಣಿಟ್ಟು ಕೂತ. ಬೆಕ್ಕು ಕಿಟಕಿಯಿಂದ ಬಂದು ಹಾಲು ಕುಡಿದು ಹೋಯಿತು.

ಎಣ್ಣೆ ಗಿರಣಿಯಲ್ಲಿ ಎಂಟು ದಿನ ಇದ್ದ, ಇಟ್ಟಿಗೆ ಗೂಡಲ್ಲಿ ಮೂರು ದಿನ ಇದ್ದ. "ಬಂಗಾರದಂಥ ಮಗ ಕಣಮ್ಮ" ಅಂತ ಹೊಗಳಿ ಹೊಗಳಿ ಮನೆಗೆ ಕಳಿಸಿದರು. ಮಾರಕ್ಕ ಹಣೆ ಹಣೆ ಚಚ್ಚಿಕೊಂಡು ಅಣ್ಣ ಪಾಲಯ್ಯನ ಹತ್ತಿರ ಹೋದಳು.

"ಅಣ್ಣ, ನಾನು ಕಣ್ಮುಚ್ಚಿದ ಮೇಲೆ ಇವನ್ಗೆ ಯಾರು ಗತಿ? ನಿನ್ನ ಲಾರೀಲಿ ಒಂದು ಕೆಲ್ಸ ಕೊಡು."

ಪಾಲಯ್ಯನದು ಒಂದೇ ಲಾರಿ, ಅದಕ್ಕೆ ಅವನೇ ಡ್ರೈವರು. ಮಂಡಿ ನೋವು ಹತ್ತಿ ಲಾರಿ ಕೆಳಗೆ ತೂರೋದು ಆಗುತ್ತಿರಲಿಲ್ಲ. "ನಾಲ್ಕು ಟ್ರಿಪ್ ನೋಡ್ತೀನಿ ತಂಗಿ. ಆಗ್ಲಿಲ್ಲ ಅಂದ್ರೆ ನನ್ನ ಬೈಬ್ಯಾಡ" ಅಂದ. ಹಾಗೆ ಓಬಳೇಶಿ ಕ್ಲೀನರ್ ಆದ.

ಮೊದಲ ದಿನ ಪಾಲಯ್ಯ ಹೇಳಿದ: "ಕೆಳಗೆ ಗಾಳಿ ಪೈಪು, ಡೀಸೆಲ್ ಪೈಪು ಎಲ್ಲಾ ಹಬ್ಕೊಂಡವೆ. ಒಂದಕ್ಕೊಂದು ಉಜ್ಜಿದ್ರೆ ಸವೆದು ತೂತು ಬೀಳ್ತವೆ. ಗಾಳಿ ಹೋದ್ರೆ ಬ್ರೇಕೂ ಹೋಯ್ತು ಅನ್ನು. ಯಾವ್ದು ಉಜ್ತಾ ಐತೆ, ನೋಡು."

ಓಬಳೇಶಿ ಲಾರಿ ಕೆಳಗೆ ಅಂಗಾತ ಮಲಗಿದ. ಹೊತ್ತು ಹುಟ್ಟಿದಾಗಿಂದ ಹೊತ್ತು ನೆತ್ತಿಗೆ ಬರೋ ತನಕ ನೋಡಿದ. ಎದ್ದು ಬಂದು "ಯಾವ್ದೂ ಉಜ್ತಾ ಇಲ್ಲ ಮಾವ" ಅಂದ. ಪಾಲಯ್ಯ ನಂಬಿ ಕಡಲೆಕಾಯಿ ಲೋಡು ಎತ್ತಿಕೊಂಡು ಹೊರಟ. ಹತ್ತು ಮೈಲಿ ಹೋಗಿರಲಿಲ್ಲ, ಬುಸ್ ಅಂತ ಗಾಳಿ ಹೋಗಿ ಲಾರಿ ಹೊಲಕ್ಕಿಳಿದು ನಿಂತಿತು.

"ಏನ್ಲೇ ನೋಡ್ದೆ ನೀನು?"

"ಕಣ್ಣು ಮಿಟುಕಿಸದೆ ನೋಡ್ದೆ ಮಾವ. ಒಂದೂ ಉಜ್ಲಿಲ್ಲ. ಅಲ್ಲಾಡ್ಲೂ ಇಲ್ಲ."

"ನಿಂತಿರೋ ಲಾರೀಲಿ ಪೈಪು ಹೆಂಗಲೇ ಅಲ್ಲಾಡ್ತದೆ? ಬರೀ ಕಣ್ಣಲ್ಲಿ ನೋಡಿದ್ರೆ ಸಾಲ್ದು ಕಣೋ, ಕೈಯಲ್ಲಿ ಸವರಿ ನೋಡ್ಬೇಕು. ಸವೆದಿರೋದು ಸಿಕ್ರೆ ಹಳೇ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ಬೇಕು."

"ಆಗ್ಲಿ ಮಾವ."

ಎರಡನೇ ಟ್ರಿಪ್ಪಿನಲ್ಲಿ ಪಾಲಯ್ಯ ಹುಣಸೆ ಮರದಡಿ ಒಂದು ನಿದ್ದೆ ತೆಗೆಯೋಕೆ ಮಲಗಿದ. ಓಬಳೇಶಿ ಕೈಯಲ್ಲಿ ಸವರಿ ಸವರಿ ನೋಡಿದ. ಗೇರ್ ಹಿಡಿ ಸವೆದಿತ್ತು, ಸುತ್ತಿದ. ಮಾವನ ಚಪ್ಪಲಿ ಸವೆದಿತ್ತು, ಸುತ್ತಿದ. ಅನ್ನ ಮಾಡೋ ಪಾತ್ರೆ ತಿಕ್ಕಿ ತಿಕ್ಕಿ ತಳ ಸವೆದಿತ್ತು. ಅದಕ್ಕೆ ಮೂರು ಸುತ್ತು ಸುತ್ತಿ, ಅಕ್ಕಿ ಹಾಕಿ, ಸ್ಟೌ ಹಚ್ಚಿದ. ಅರ್ಧ ಮೈಲಿ ದೂರದಲ್ಲಿ ನಿಂತಿದ್ದ ಲಾರಿಯವರೆಲ್ಲ ಇಳಿದು ತಮ್ಮ ತಮ್ಮ ಟೈರು ಮೂಸಿ ನೋಡಿದರು.

ಪಾಲಯ್ಯ ಕೆಮ್ಮುತ್ತಾ ಎದ್ದ. "ಅನ್ನದ ಪಾತ್ರೆಗೆ ಯಾಕಲೇ ಟ್ಯೂಬು?"

"ಸವೆದಿತ್ತು ಮಾವ."

"ನೀನು ಸುತ್ತೋದೇ ಬ್ಯಾಡ ಮಾರಾಯ. ಎಲ್ಲಿ ಎರಡು ಒಂದಕ್ಕೊಂದು ತಾಕ್ತವೋ, ಅವನ್ನ ದೂರ ಎಳೆದು ಬೇರೆ ಬೇರೆ ಕಟ್ಟು. ನಡುವೆ ನಾಲ್ಕು ಬೆರಳು ಜಾಗ ಇರ್ಲಿ."

"ಆಗ್ಲಿ ಮಾವ."

ಮೂರನೇ ಟ್ರಿಪ್ಪು ಮದುವೆ ದಿಬ್ಬಣ. ಹಿಂದೆ ನೆಂಟರಿಷ್ಟರು, ಮುಂದೆ ಡ್ರೈವರ್ ಪಕ್ಕದ ಸೀಟಲ್ಲಿ ಮದುಮಗ ಮದುಮಗಳು. ಪಾಲಯ್ಯ ಎಲೆ ಅಡಿಕೆ ತರೋಕೆ ಹೋಗಿದ್ದ. ಓಬಳೇಶಿ ನೋಡಿದ. ಇಬ್ಬರ ಭುಜಕ್ಕೆ ಭುಜ ತಾಕಿತ್ತು. ದಾರಿ ತುಂಬ ಗುಂಡಿ. ಉಜ್ಜಿ ಉಜ್ಜಿ ಪಾಪ ಏನಾಗಬೇಡ! ಹಗ್ಗ ತಂದು ಮದುಮಗನನ್ನ ಬಾಗಿಲ ಹಿಡಿಗೆ ಕಟ್ಟಿದ, ಮದುಮಗಳನ್ನ ಈ ಕಡೆ ಕಂಬಿಗೆ ಕಟ್ಟಿದ. ನಡುವೆ ಬೆರಳಿಟ್ಟು ಅಳೆದ. ಸರಿಯಾಗಿ ನಾಲ್ಕು.

ಹೆಣ್ಣಿನ ಕಡೆಯವರ ಶಾಸ್ತ್ರ ಇರಬೇಕು ಅಂತ ಗಂಡು ಸುಮ್ಮನಿದ್ದ. ಗಂಡಿನ ಕಡೆಯವರ ಶಾಸ್ತ್ರ ಇರಬೇಕು ಅಂತ ಹೆಣ್ಣು ಸುಮ್ಮನಿದ್ದಳು. ಪಾಲಯ್ಯನೂ ಬಂದು ನೋಡಿ, ಎರಡೂ ಕಡೆಯವರು ಒಪ್ಪಿದ ಮೇಲೆ ನನ್ನದೇನು ಅಂತ ಗಾಡಿ ಬಿಟ್ಟ. ಗಂಡಿನ ಊರಲ್ಲಿ ಆರತಿ ತಟ್ಟೆ ಹಿಡಿದು ಬಂದ ಅಜ್ಜಿ ಬಾಗಿಲು ತೆಗೆದು ನೋಡಿ ತಟ್ಟೆ ಕೆಳಗಿಟ್ಟಳು.

"ಯಾವನೋ ಇದನ್ನ ಮಾಡ್ದೋನು?"

"ನಾನೇ ಅಜ್ಜಿ. ಉಜ್ಜಾಡಿ ಸವೀತಾರೆ ಅಂತ."

"ನಿನ್ನ ತಲೆ ಸವೀಲಿ. ಹಿಂಗೆ ಅಂಟಿ ಕೂತ ಜೋಡಿ ಕಂಡ್ರೆ ಬೇರೆ ಮಾಡಬಾರ್ದು ಕಣೋ. ಅರಿಶಿನದ ದಾರದಲ್ಲಿ ಗಂಟು ಹಾಕ್ಬೇಕು. ಅಕ್ಕಿಕಾಳು ಹಾಕಿ, ನೂರು ವರ್ಷ ಹಿಂಗೇ ಇರಿ ಅಂತ ಹರಸ್ಬೇಕು."

"ಆಗ್ಲಿ ಅಜ್ಜಿ" ಅಂದ ಓಬಳೇಶಿ. ತುಂಬಾ ಒಳ್ಳೇ ಮಾತು ಅನ್ನಿಸಿತು ಅವನಿಗೆ.

ಪಾಲಯ್ಯ ತಂಗಿಗೆ ಹೇಳಿ ಕಳಿಸಿದ: ನಾಳೆ ನಾಲ್ಕನೇ ಟ್ರಿಪ್ಪು, ಘಾಟಿ ಇಳೀಬೇಕು, ನಾಳೇನೂ ಹಿಂಗಾದ್ರೆ ಮಗನ್ನ ಕರ್ಕೊಂಡು ಹೋಗು. ಮಾರಕ್ಕನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಬೆಳಿಗ್ಗೆ ಮಗ "ಅರಿಶಿನದ ದಾರ, ಅಕ್ಕಿಕಾಳು ಕೊಡವ್ವ" ಅಂದಾಗ, ಕೆಲಸ ಉಳಿಯಲಿ ಅಂತ ದೇವರಿಗೆ ಹಾಕುತ್ತಾನೆ ಅಂದುಕೊಂಡು ಸೆರಗು ತುಂಬ ತಂದುಕೊಟ್ಟಳು. ತಾನೂ ಹಿಂದೆಯೇ ಬಂದು ಲಾರಿ ಪಕ್ಕ ನಿಂತಳು.

ಓಬಳೇಶಿ ಕೆಳಗೆ ತೂರಿದ. ಸ್ವಲ್ಪ ಹೊತ್ತಿಗೆ ಕೆಳಗಿಂದ ದನಿ ಬಂತು: "ನೂರು ವರ್ಷ ಹಿಂಗೇ ಇರಿ." ಇನ್ನಷ್ಟು ಹೊತ್ತಿಗೆ ಮತ್ತೆ: "ನೂರು ವರ್ಷ ಹಿಂಗೇ ಇರಿ." ಹೀಗೆ ಐದು ಸಲ ಆಯಿತು. ಮಾರಕ್ಕ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು.

ಪಾಲಯ್ಯನಿಗೆ ಮಂಡಿ ನೋವೂ ಮರೆತುಹೋಯಿತು. ಎರಡು ಬಾರಿಸೋಣ ಅಂತಲೇ ಲಾರಿ ಕೆಳಗೆ ನುಗ್ಗಿದ. ನೋಡಿದರೆ ಅಲ್ಲಲ್ಲಿ ಹಳದಿ ಗಂಟು. ಒಂದು ಗಂಟು ಬಿಚ್ಚಿದ. ಗಾಳಿ ಪೈಪು ಡೀಸೆಲ್ ಪೈಪಿಗೆ ಉಜ್ಜಿ, ರಬ್ಬರ್ ಹೋಗಿ ಒಳಗಿನ ನೂಲು ಕಾಣುತ್ತಿತ್ತು. ಇನ್ನೊಂದು ಬಿಚ್ಚಿದ, ಅಲ್ಲೂ ಹಾಗೇ. ಐದು ಗಂಟು, ಐದು ಕಡೆ ಸವೆತ. ಈ ಲಾರಿ ಹೀಗೇ ಘಾಟಿ ಇಳಿದಿದ್ದರೆ ಮಾವ ಅಳಿಯ ಇಬ್ಬರನ್ನೂ ಕಣಿವೆಯಲ್ಲಿ ಹುಡುಕಬೇಕಿತ್ತು.

ಕೆಟ್ಟ ಪೈಪು ಬದಲಾಯಿಸಿ, ಒಂದೊಂದನ್ನೂ ದೂರ ದೂರ ಕಟ್ಟಿ ಮುಗಿಸೋ ಹೊತ್ತಿಗೆ ಮಧ್ಯಾಹ್ನವಾಯಿತು. ಪಾಲಯ್ಯ ಕೈ ಒರೆಸಿಕೊಂಡು ಬಂದ.

"ತಂಗಿ, ಇವನು ನನ್ನ ಹತ್ರಾನೇ ಇರ್ಲಿ. ನಾನಿರೋ ತನಕ ನಾನು, ಆಮೇಲೆ ನನ್ನ ಮಕ್ಕಳು. ಇವನು ಗಂಟು ಹಾಕ್ಲಿ, ನಾನು ಬಿಚ್ತೀನಿ."

ಮಾರಕ್ಕನಿಗೆ ಎಷ್ಟೋ ವರ್ಷದ ಭಾರ ಇಳಿಯಿತು. ಕಣ್ಣೊರೆಸಿಕೊಂಡು ಮಗನನ್ನ ಹುಡುಕಿದಳು. ಓಬಳೇಶಿ ಚಕ್ರಕ್ಕೆ ಒರಗಿ, ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ.

"ಯಾಕಪ್ಪ, ಕೆಲ್ಸ ಉಳೀತಲ್ಲ?"

"ಉಳೀತು ಕಣವ್ವ. ಆದ್ರೆ ಬೆಳಿಗ್ಗೆ ನಾನು ಮಾಡ್ಸಿದ ಐದು ಮದ್ವೇನೂ ಮಾವ ಮಧ್ಯಾಹ್ನದೊಳಗೆ ಮುರಿದಾಕ್ದ. ಇನ್ನು ಯಾವ ಮುಖ ಹೊತ್ಕೊಂಡು ಆ ಅಜ್ಜಿ ಮುಂದೆ ಹೋಗ್ಲಿ?"