ಪುಸ್ತಕದ ಹಡಗು, ಮರಗೆಣಸಿನ ಊಟ

"ಗುರುಗಳೇ, ಕೊಡುವವನ ಮನಸ್ಸು ಶುದ್ಧವಾಗಿದ್ದರೂ ತೆಗೆದುಕೊಳ್ಳುವವರು ಕೈ ಹಿಂದಕ್ಕೆ ಎಳೆದುಕೊಳ್ಳುವುದೇಕೆ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠದ ಶಿಷ್ಯ. ದಿನವೂ ಸಂಜೆ ಊರಾಚೆಯ ಕೇರಿಗೆ ಹೋಗಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ. ಮೊದಮೊದಲು ಓಡೋಡಿ ಬರುತ್ತಿದ್ದ ಮಕ್ಕಳು ಈಗ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದ್ದರು. ಅವರ ತಾಯಂದಿರೂ ಅವನನ್ನು ಕಂಡರೆ ಮುಗುಳ್ನಕ್ಕು ಒಳಗೆ ಹೋಗುತ್ತಿದ್ದರು.

ಗುರುಗಳು ಕತೆ ಹೇಳಿದರು.

ಒಬ್ಬ ಶಿಕ್ಷಕಿ ಇದ್ದಳು. ದೇಶದಿಂದ ದೇಶಕ್ಕೆ ಪುಸ್ತಕ ಹೊತ್ತು ತಿರುಗುವ ಒಂದು ಧರ್ಮಾರ್ಥ ಹಡಗಿನ ಸುದ್ದಿ ಅವಳ ಕಿವಿಗೆ ಬಿತ್ತು. ಅಲ್ಲಿ ಯಾರಿಗೂ ಸಂಬಳವಿಲ್ಲ. ನೆಲ ಒರೆಸುವುದರಿಂದ ಹಿಡಿದು ಪುಸ್ತಕ ಹಂಚುವವರೆಗೆ ಎಲ್ಲವೂ ಸೇವೆ. ಶಿಕ್ಷಕಿ ರಜೆ ಹಾಕಿ ಹಡಗು ಹತ್ತಿದಳು. ಹತ್ತುವಾಗಲೇ ಮನಸ್ಸಿನಲ್ಲಿ ಒಂದು ವ್ರತ ತೊಟ್ಟಳು: ಹೋದ ಊರಲ್ಲೆಲ್ಲ ಕೊಡಬೇಕು, ಯಾರಿಂದಲೂ ಒಂದು ಹಿಡಿ ಅವಲಕ್ಕಿಯನ್ನೂ ಮುಟ್ಟಬಾರದು.

ಹಡಗು ಒಂದು ದ್ವೀಪಕ್ಕೆ ಬಂತು. ದಂಡೆಯಲ್ಲಿ ನೀರು ಆಳವಿರಲಿಲ್ಲವಾದ್ದರಿಂದ ಅದು ದೂರದಲ್ಲೇ ನಿಂತಿತು. ಶಿಕ್ಷಕಿ ಬೆಳಗ್ಗೆ ದೋಣಿಯಲ್ಲಿ ಪುಸ್ತಕದ ಪೆಟ್ಟಿಗೆಗಳನ್ನು ತಂದು ದಡದ ಚಪ್ಪರದಡಿ ಹರಡುವಳು. ಸಂಜೆ ಅದೇ ದೋಣಿಯಲ್ಲಿ ಮರಳುವಳು. ಪುಸ್ತಕಗಳು ಆ ಊರಿನ ಭಾಷೆಯಲ್ಲೇ ಇದ್ದವು. ಬೆಲೆಯೂ ಇರಲಿಲ್ಲ. ಜನ ಬಂದರು, ತಿರುವಿ ನೋಡಿದರು, ಮೆಲ್ಲಗೆ ಇಟ್ಟು ಹೋದರು. ಒಬ್ಬರೂ ಒಯ್ಯಲಿಲ್ಲ.

ಚಪ್ಪರದ ಪಕ್ಕದ ಮನೆಯಲ್ಲಿ ಬಲೆ ನೇಯುವ ಹೆಂಗಸೊಬ್ಬಳಿದ್ದಳು. ಹರಕುಮುರುಕು ಇಂಗ್ಲಿಷ್ ಬಲ್ಲವಳು. ಮಧ್ಯಾಹ್ನ ಅವಳು "ಊಟಕ್ಕೆ ಬಾ" ಎಂದು ಕರೆದಳು. "ಆಯ್ತು, ಊಟ ಆಯ್ತು" ಎಂದಳು ಶಿಕ್ಷಕಿ. ಆಗಿರಲಿಲ್ಲ. ಹೆಂಗಸು ಅತ್ತ ಹೋದ ಮೇಲೆ ಪೆಟ್ಟಿಗೆಗಳ ಮರೆಯಲ್ಲಿ ಕೂತು ಚೀಲದಲ್ಲಿದ್ದ ಬ್ರೆಡ್ಡು ತಿಂದಳು. ಮರುದಿನವೂ ಹಾಗೆಯೇ ಆಯಿತು. ಆಮೇಲೆ ಆ ಹೆಂಗಸು ಕರೆಯುವುದನ್ನು ಬಿಟ್ಟಳು.

ಹಡಗು ಹೊರಡುವ ಹಿಂದಿನ ದಿನ ಗಾಳಿ ಎದ್ದಿತು. ಸಮುದ್ರ ಕೆರಳಿ, ದಡದಲ್ಲಿದ್ದ ಅವಳನ್ನು ಹಡಗಿಗೆ ಮರಳಿ ಒಯ್ಯುವ ದೋಣಿ ಬರಲಿಲ್ಲ. ಅಲೆಯ ಹೊಡೆತಕ್ಕೆ ಅವಳು ತೊಯ್ದಿದ್ದಳು; ಚೀಲದೊಳಗಿನ ಬ್ರೆಡ್ಡೂ ಉಪ್ಪುನೀರಿನಲ್ಲಿ ನೆನೆದು ಮುದ್ದೆಯಾಗಿತ್ತು. ಶಿಕ್ಷಕಿ ಬಹಳ ಹೊತ್ತು ತಡೆದಳು. ಹೊತ್ತು ಇಳಿಯುವಾಗ ಹೊಟ್ಟೆ ವ್ರತದ ಮಾತು ಕೇಳಲಿಲ್ಲ. ಅವಳು ಹೋಗಿ ಬಲೆಯ ಹೆಂಗಸಿನ ಬಾಗಿಲಲ್ಲಿ ನಿಂತಳು.

"ಅಕ್ಕಾ, ತುಂಬಾ ಹಸಿವಾಗಿದೆ. ತಿನ್ನಲು ಏನಾದರೂ ಕೊಡುತ್ತೀಯಾ?"

ಆ ಹೆಂಗಸಿನ ಮುಖ ಅರಳಿತು. ಅವಳು ಬೀದಿಗೆ ಕೇಳುವಂತೆ ಏನನ್ನೋ ಕೂಗಿದಳು. ನೆರೆಮನೆಯವಳು ಸುಟ್ಟ ಮೀನು ತಂದಳು, ಮತ್ತೊಬ್ಬಳು ಒಣಗಿದ ಬಟ್ಟೆ ತಂದಳು. ಬೇಯಿಸಿದ ಮರಗೆಣಸಿಗೆ ತೆಂಗಿನಹಾಲು ಸುರಿದು ಮುಂದಿಟ್ಟರು. ಶಿಕ್ಷಕಿ ತಿಂದಳು, ಸಂಕೋಚ ಬಿಟ್ಟು ಇನ್ನಷ್ಟು ಕೇಳಿದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಏಕೆಂದು ಗೊತ್ತಾಗದಿದ್ದರೂ ಅವಳೂ ನಕ್ಕಳು. ಆಮೇಲೆ ಅವರ ಮಕ್ಕಳ ನಡುವೆ ಚಾಪೆಯ ಮೇಲೆ ಸುಖವಾಗಿ ನಿದ್ದೆಹೋದಳು.

ಬೆಳಗ್ಗೆ ಸಮುದ್ರ ಶಾಂತವಾಗಿತ್ತು. ಚಪ್ಪರದ ಮುಂದೆ ಜನ ಕಿಕ್ಕಿರಿದಿದ್ದರು. ಬಲೆಯ ಹೆಂಗಸು ಎಲ್ಲರಿಗಿಂತ ಮುಂದೆ ನಿಂತು, "ಇದರಲ್ಲಿ ಮೀನಿನ ಚಿತ್ರ ಸರಿಯಿಲ್ಲ, ಬೇರೆ ಕೊಡು" ಎಂದು ಜಗಳವಾಡಿ ಪುಸ್ತಕ ಆರಿಸಿದಳು.

ಶಿಕ್ಷಕಿಗೆ ಆಶ್ಚರ್ಯ. "ಇಷ್ಟು ದಿನ ಯಾಕೆ ಒಯ್ಯಲಿಲ್ಲ?" ಎಂದು ಕೇಳಿದಳು.

"ನಮ್ಮ ಮನೆಯ ತುತ್ತು ಬೇಡವೆಂದವಳ ಪುಸ್ತಕ ನಮಗೇಕೆ? ನಾವೇನು ಭಿಕ್ಷೆಯವರೇ? ನಿನ್ನೆ ನೀನು ನಮ್ಮಲ್ಲಿ ಉಂಡೆ. ಇವತ್ತು ನಾವು ನಿನ್ನಿಂದ ತೆಗೆದುಕೊಂಡೆವು" ಎಂದಳು ಆ ಹೆಂಗಸು.

ಶಿಕ್ಷಕಿ ಹಡಗಿಗೆ ಮರಳುವಾಗ ಪೆಟ್ಟಿಗೆಗಳು ಖಾಲಿಯಾಗಿದ್ದವು. ಅವಳ ಮಡಿಲಲ್ಲಿ, ದಾರಿಗೆಂದು ಕಟ್ಟಿಕೊಟ್ಟ ಮರಗೆಣಸಿನ ಗಂಟು ಇನ್ನೂ ಬಿಸಿಯಾಗಿತ್ತು. ಮುಂದಿನ ಬಂದರಿನಲ್ಲಿ ಅವಳು ಪೆಟ್ಟಿಗೆ ಬಿಚ್ಚುವ ಮೊದಲು, ಹತ್ತಿರದ ಮನೆಗೆ ಹೋಗಿ ಕುಡಿಯಲು ನೀರು ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಮುಂದೇನೆಂದು ಕಾದ. ಅವರು ಅವನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು:

"ಮಗು, ಆ ಕೇರಿಯಲ್ಲಿ ನೀನು ಇದುವರೆಗೆ ಯಾರ ಮನೆಯ ನೀರು ಕುಡಿದಿದ್ದೀಯ?"