ಗಾಳಿಗೆ ಕಣ್ಣು ಕೊಟ್ಟವಳು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಹಸಿ ಮಣ್ಣಿನ ವಾಸನೆ ಕೂಡ ಆರಿರಲಿಲ್ಲ. ಆಗ ಗಾಳಿಗೆ ಕೈಯಿತ್ತು, ಕಾಲಿತ್ತು, ಕಿವಿಯಿತ್ತು, ದೊಡ್ಡ ಗಂಟಲೂ ಇತ್ತು. ಕಣ್ಣು ಮಾತ್ರ ಇರಲಿಲ್ಲ. ಮರ ಯಾವುದು, ಮನೆ ಯಾವುದು ಎಂದು ಪಾಪ ಅದಕ್ಕೆ ತಿಳಿಯದು. ಎದುರಿಗೆ ಸಿಕ್ಕಿದ್ದಕ್ಕೆಲ್ಲ ಢೀ ಹೊಡೆಯುತ್ತಿತ್ತು.

ದೂರದ ಉತ್ತರದ ಸಮುದ್ರದ ದಡದಲ್ಲಿ, ಮೂಳೆ ಕೊರೆಯುವ ಚಳಿಯ ಊರಿನಲ್ಲಿ, ಜನ ಗಾಳಿಗೆ ಹೆದರಿ ಮನೆ ಕಟ್ಟಿದ್ದರು. ನಾಲ್ಕು ಗೋಡೆ, ಒಂದು ಬಾಗಿಲು, ಅಷ್ಟೇ. ಗಾಳಿ ಬಡಿಯಿತು, ಮಣ್ಣು ಮೆತ್ತಿದರು. ಮತ್ತೆ ಬಡಿಯಿತು, ಮತ್ತೆ ಮೆತ್ತಿದರು. ಯಾಕೆ ಬಡಿಯುತ್ತೀಯ ಅಂತ ಒಬ್ಬರಾದರೂ ಕೇಳಬೇಡವೇ? ದೊಡ್ಡವರ ಬುದ್ಧಿ ಆಗಲೂ ಹಾಗೇ ಇತ್ತು ನೋಡು ಮಗಳೇ.

ಅಂಥ ಒಂದು ಮನೆಯಲ್ಲಿ ಸಿಗ್ನಿ ಎಂಬ ತಾಯಿ, ಅವಳ ಕೂಸು ಲೀವಾ, ಜೊತೆಗೆ ಸಿಗ್ನಿಯ ಅತ್ತೆ ಇದ್ದರು. ಒಲೆ ಆರಿಸಿದರೆ ಚಳಿ, ಉರಿಸಿದರೆ ಹೊಗೆ. ಬಾಗಿಲ ಮುಂದೆ ಆಳೆತ್ತರ ಹಿಮ. ಹೊಗೆ ಹೋಗುವುದೆಲ್ಲಿಗೆ? ಕೂಸು ಕೆಮ್ಮಿ ಕೆಮ್ಮಿ ಸೊರಗಿತು. ಒಂದು ಬೆಳಿಗ್ಗೆ ಅದಕ್ಕೆ ಅಳುವಷ್ಟೂ ಉಸಿರಿರಲಿಲ್ಲ.

ಸಿಗ್ನಿ ಗೋಡೆಗೆ ಬಾಯಿಟ್ಟು ಕೂಗಿದಳು. "ಗಾಳಿಯಣ್ಣಾ, ಯಾಕೆ ಹಿಂಗೆ ಬಡೀತೀಯಾ?"

"ಒಳಗೇನಿದೆ ಅಂತ ನಂಗೆ ಕಾಣಲ್ಲ ತಂಗೀ. ಯಾರೋ ಕೆಮ್ಮೋದು ಮಾತ್ರ ಕೇಳ್ಸುತ್ತೆ. ಅದಕ್ಕೇ ಬಡೀತೀನಿ," ಎಂದಿತು ಗಾಳಿ.

ಸಿಗ್ನಿ ಒಲೆಯ ಸಲಾಕೆ ಎತ್ತಿಕೊಂಡಳು. ಅತ್ತೆ ಅವಳ ಕೈ ಹಿಡಿದಳು. "ತೂತು ಮಾಡ್ಬೇಡವೇ! ಮಗೂನ ಹಾರಿಸ್ಕೊಂಡು ಹೋಗುತ್ತೆ!"

"ಸುಮ್ನಿದ್ರೆ ಮಗು ಹೆಂಗೂ ಉಳಿಯಲ್ಲ, ಅತ್ತೆ."

ಅವಳಿಗೂ ಭಯವೇ. ಆದರೂ ಮೆತ್ತಿದ ಮಣ್ಣನ್ನು ಒಂದೊಂದೇ ಪದರ ಕೆರೆದು ಗೋಡೆಯಲ್ಲಿ ದುಂಡನೆಯ ತೂತು ಮಾಡಿದಳು.

ಗಾಳಿ ಆ ತೂತಿಗೆ ಮುಖವಿಟ್ಟಿತು. ಹುಟ್ಟಿದಂದಿನಿಂದ ಮೊದಲ ಸಲ ಅದಕ್ಕೆ ಕಂಡಿತು: ಒಲೆ, ಹೊಗೆ, ಬೊಗಸೆಯಷ್ಟು ಕೂಸು.

"ಅಯ್ಯೋ, ಇಷ್ಟು ಚಿಕ್ಕದಾ! ಇದರ ಮನೆ ಮೇಲೇನಾ ನಾನು ರಂಪ ಮಾಡಿದ್ದು?"

ಅದಕ್ಕೆ ತುಂಬ ನಾಚಿಕೆಯಾಯಿತು. ಉಸಿರು ಬಿಗಿಹಿಡಿದು ಮೆಲ್ಲಗೆ ಒಳಬಂದು, ಹೊಗೆಯ ಕೈ ಹಿಡಿದು ಹೊರಗೆ ಕರೆದೊಯ್ದಿತು. ಲೀವಾ ಒಮ್ಮೆ ಸೀನಿತು. ಆಮೇಲೆ ಮನೆ ಬಿರಿಯುವಂತೆ ಅತ್ತಿತು. ಆ ಅಳು ಕೇಳಿ ಅತ್ತೆ ಸೊಸೆ ಇಬ್ಬರೂ ಅತ್ತರು. ಮರುದಿನ ಪಕ್ಕದ ಮನೆಗೆ ಸಲಾಕೆ ಹಿಡಿದು ಹೋದವಳು ಅತ್ತೆಯೇ.

ಆ ಊರಿನ ಮಾತಿನಲ್ಲಿ ವಿಂಡ್ ಅಂದರೆ ಗಾಳಿ, ಔಗಾ ಅಂದರೆ ಕಣ್ಣು. ಆ ತೂತನ್ನು ಅವರು ವಿಂಡ್‌ಔಗಾ ಎಂದರು, ಗಾಳಿಯ ಕಣ್ಣು. ಅದೇ ಹೆಸರು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಬಾಯಿಂದ ಬಾಯಿಗೆ ಸವೆದು, ನಿನ್ನ ಇಂಗ್ಲಿಷ್ ಪಾಠದ ವಿಂಡೋ, ಅಂದರೆ ಕಿಟಕಿ, ಆಯಿತು. ಹೆಸರಿನ ವಿಷಯ ನಿಜ ಕಣೇ. ಸಿಗ್ನಿ, ಲೀವಾ ಮಾತ್ರ ನನ್ನ ಕತೆಯವರು.

ಅದಕ್ಕೇ ಇವತ್ತಿಗೂ ಕಿಟಕಿ ತೆರೆದಿಟ್ಟರೆ ಗಾಳಿ ಮೆಲ್ಲಗೆ ಬಂದು ಮಲಗಿದವರ ಹಣೆ ಮುಟ್ಟಿ ಹೋಗುತ್ತದೆ, ಮುಚ್ಚಿಬಿಟ್ಟರೆ ಏನೂ ಕಾಣದೆ ಕದ ಬಡಿದು, ಸಂದಿಯಲ್ಲಿ ಸುಂಯ್ ಎಂದು ಕೇಳುತ್ತದೆ: "ಮಗು ಈಗ ಕೆಮ್ತಿಲ್ಲ ತಾನೇ?"